ಪಿತ್ರಾರ್ಜಿತ ಬಂದೂಕೂ ದೂರದ ಬೇಟೆಯೂ

ಐನಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರಗಳ ಸೀಮೆಯ ಹಳೆಯ ಮನೆತನಗಳಲ್ಲಿ ಅಜ್ಜನ ಕಾಲದ ಬಂದೂಕೊಂದು ಉಳಿದುಬಂದಿರುವದು ಅಪೂರ್ವವಾದ ಸಂಗತಿಯಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಅದನ್ನು ಗವಸಣಿಗೆಯಿಂದ ಹೊರದೆಗೆದು, ಎಣ್ಣೆಯ ಅರಿವೆಯಿಂದ ಒರೆಸಿ, ಕುಂಕುಮವಿಟ್ಟು, ಹೂವೇರಿಸಿ ಪೂಜಿಸುವರು. ಮನೆಯ ಹಿರಿಯರು ಅದರ ಕಥೆಯನ್ನು ಹೇಳುವರು; ಕಿರಿಯರು ಕಣ್ಣರಳಿಸಿ ಕೇಳುವರು. ಮರುದಿನ ಬನ್ನಿ ಕೊಟ್ಟು ಬನ್ನಿ ತಕ್ಕೊಂಡು ಬಂಗಾರದ ಹಾಗೆ ಇರೋಣವೆಂದು ಹರಸಿಕೊಂಡ ಮೇಲೆ ಬಂದೂಕು ತಿರುಗಿ ಪೆಟ್ಟಿಗೆಯನ್ನು ಸೇರುವದು. ಹೀಗೆ ಆ ಆಯುಧವು ಮನೆತನದ ನೆನಪಿಗೆ ಒಂದು ಗುರುತಾಗಿ ಬಾಳುತ್ತ ಬಂದಿದೆ.

ಆದರೆ ಇತ್ತೀಚೆಗೆ ಕೆಲವು ವಿದ್ಯಾವಂತ ತರುಣರ ಮನಸ್ಸಿನಲ್ಲಿ ಬೇರೊಂದು ವಿಚಾರವು ಮೊಳೆಯುತ್ತಿರುವದು. ಪರದೇಶದ ಬೇಟೆಗಾರರ ಚಿತ್ರಗಳನ್ನು ನೋಡಿ, ಅವರ ಬರಹಗಳನ್ನು ಓದಿ, ಅಜ್ಜನ ರೈಫಲ್ಲನ್ನು “ಸುಧಾರಿಸ”ಬೇಕೆಂದು ಅವರಿಗೆ ತೋರುತ್ತದೆ. ಹಳೆಯ ನಳಿಗೆಯನ್ನು ತೆಗೆದು ಹೊಸ ನಳಿಗೆಯನ್ನು ಕೂಡಿಸುವದು. ಕಟ್ಟಿಗೆಯ ಹಿಡಿಯನ್ನು ಕೆತ್ತಿ ನಳಿಗೆಗೆ ಅದು ಎಲ್ಲಿಯೂ ತಾಕದಂತೆ ಮಾಡುವದು. ಕುದುರೆಯ ಜಗ್ಗನ್ನು ಬೆರಳು ಸೋಕಿದರೆ ಸಾಕೆನ್ನುವಷ್ಟು ಹಗುರಗೊಳಿಸುವದು. ಉಕ್ಕಿನ ಮೈಗೆ ತೂತು ಕೊರೆದು ದುರ್ಬೀನನ್ನು ಬಿಗಿಯುವದು. ಬಳಿಕ ನಾಲ್ಕುನೂರು ಐದುನೂರು ಮೀಟರುಗಳಾಚೆ ನಿಂತಿರುವ ಚಿಗರಿಯನ್ನು ಕೂತಲ್ಲಿಂದಲೇ ಉರುಳಿಸುವದು. ಇದು ಅವರ ಮನೋರಥ. ಇದನ್ನು ಅವರು ಪಿತೃಗಳಿಗೆ ಸಲ್ಲಿಸುವ ಗೌರವವೆಂದೂ ಹೇಳಿಕೊಳ್ಳುವರು. ಇದರಲ್ಲಿ ಗೌರವವೆಷ್ಟು, ಸುಧಾರಣೆಯೆಷ್ಟು, ಬೇಟೆಯಾದರೂ ಎಷ್ಟೆಂಬುದನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡುವದು ಅವಶ್ಯ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯತಕ್ಕದ್ದು. ಭಾರತದ ಮನೆಗಳಲ್ಲಿ ಲಾಯಸೆನ್ಸಿನ ಮೇಲೆ ಇಟ್ಟುಕೊಳ್ಳುವ ರೈಫಲ್ಲುಗಳಲ್ಲಿ .೩೧೫ ಅಳತೆಯದು ಬಹು ಪರಿಚಿತವಾದುದು. ಸೈನ್ಯದ .೩೦೩ ತೋಟಾಗಳು ಸಾರ್ವಜನಿಕರ ಕೈ ಸೇರಬಾರದೆಂದು ಆಂಗ್ಲ ಸರಕಾರವು ತಡೆದುದರಿಂದ ಈ ಬೇರೆ ಅಳತೆಯು ಈ ದೇಶದಲ್ಲಿ ರೂಢಿಗೆ ಬಂದಿತು. ಸ್ವಾತಂತ್ರ್ಯಾನಂತರ ಬಂಗಾಲದ ಈಶಾಪುರದ ಸರಕಾರೀ ಕಾರಖಾನೆಯಲ್ಲಿ ಇಂಥ ರೈಫಲ್ಲುಗಳು ತಯಾರಾದವು. ಕದದ ಚಿಲಕದಂತೆ ಎತ್ತಿ, ಹಿಂದಕ್ಕೆ ಜಗ್ಗಿ, ಮುಂದಕ್ಕೆ ನೂಕಿ ಮುಚ್ಚುವ ಬೋಲ್ಟೇ ಇದರ ಮುಖ್ಯ ಅಂಗ. ಒಂದು ಗುಂಡು ಹಾರಿದ ಮೇಲೆ ಇನ್ನೊಂದನ್ನು ಏರಿಸಲು ಕೈ ದುಡಿಯಲೇಬೇಕು. ಗಟ್ಟಿಮುಟ್ಟಾದ, ಸರಳವಾದ, ತಲೆಮಾರುಗಳವರೆಗೆ ಬಾಳತಕ್ಕ ಯಂತ್ರವಿದು. ಇದನ್ನು ಕಟ್ಟಿದವರು ಬರಿಗಣ್ಣಿಗೆ ಕಾಣುವ ದೂರಕ್ಕೆ, ಬರಿಗಣ್ಣಿನ ಗುರಿಗೆ ಕಟ್ಟಿದರು. ಅದನ್ನು ಹೆಚ್ಚು ನೇರಾಗಿ ಹೊಡೆಯುವಂತೆ ಮಾಡುವ ಕುಶಲಕಲೆಯು ನಿಜವಾಗಿಯೂ ಕಲೆಯೇ ಅಹುದು. ಒಬ್ಬ ನುರಿತ ಕಮ್ಮಾರನು ಕೂದಲೆಳೆಯಷ್ಟು ಅಂತರವನ್ನು ಸರಿಪಡಿಸುವ ಕೈಚಳಕವನ್ನು ಯಾರೂ ಹಳಿಯಲಾರರು. ವಿವಾದವು ಕೈಚಳಕದ ವಿಷಯವಾಗಿಲ್ಲ. ಅದರ ಉದ್ದೇಶದ ವಿಷಯವಾಗಿದೆ.

ದೂರದ ಗುರಿಯೆಂದರೇನು? ಇಂಥ ರೈಫಲ್ಲಿನ ಗುಂಡು ಸೆಕೆಂಡಿಗೆ ಆರುನೂರು ಏಳುನೂರು ಮೀಟರುಗಳ ವೇಗದಿಂದ ಹೊರಟರೂ ಗಾಳಿಯನ್ನು ಸೀಳುತ್ತ ಸೀಳುತ್ತ ವೇಗವನ್ನು ಕಳಕೊಳ್ಳುತ್ತದೆ. ನಾಲ್ಕುನೂರು ಮೀಟರು ಕ್ರಮಿಸಲು ಅದಕ್ಕೆ ಮುಕ್ಕಾಲು ಸೆಕೆಂಡಿನಷ್ಟು ಕಾಲ ಬೇಕು. ಅಷ್ಟರಲ್ಲಿ ಭೂಮಿಯ ಆಕರ್ಷಣೆಯು ಅದನ್ನು ಎರಡೂವರೆ ಮೀಟರಿನಷ್ಟು ಕೆಳಗೆಳೆದಿರುತ್ತದೆ. ದುರ್ಬೀನಿನ ಗೆರೆಗಳೂ ಲೆಕ್ಕದ ಕೋಷ್ಟಕಗಳೂ ಈ ಇಳಿತವನ್ನು ಸರಿದೂಗಿಸಬಹುದು. ಆದರೆ ಯಾವ ಕೋಷ್ಟಕವೂ ಮೃಗದ ಮನಸ್ಸನ್ನು ಲೆಕ್ಕ ಹಾಕಲಾರದು. ಆ ಮುಕ್ಕಾಲು ಸೆಕೆಂಡಿನಲ್ಲಿ ಮೇಯುತ್ತ ನಡೆಯುವ ಚಿಗರಿಯು ಮೂರಡಿ ಮುಂದೆ ಸರಿಯಬಲ್ಲದು. ಅದರ ಮರ್ಮಸ್ಥಾನವೋ ಒಂದು ಗೇಣಿಗಿಂತ ದೊಡ್ಡದಲ್ಲ. ಎದೆಗೆಂದು ಬಿಟ್ಟ ಗುಂಡು ಹೊಟ್ಟೆಗೆ ನಾಟುವದು, ತೊಡೆಯನ್ನು ಮುರಿಯುವದು, ಇಲ್ಲವೆ ದವಡೆಯನ್ನು ಒಡೆಯುವದು. ಹಾಗೆ ಗಾಯಗೊಂಡ ಮೃಗವು ಕೂಡಲೇ ಸಾಯುವದಿಲ್ಲ. ಅದು ಓಡುತ್ತದೆ, ಜಾಲಿಯ ಮೆಳೆಯಲ್ಲಿ ಅಡಗಿ ಒಂದು ದಿನವೋ ಎರಡು ದಿನವೋ ನರಳಿ ಸಾಯುತ್ತದೆ. ಅರ್ಧ ಕಿಲೋಮೀಟರು ದೂರದಲ್ಲಿ ಮೊಣಕೈಯೂರಿ ಮಲಗಿದವನು ಅಲ್ಲಿಗೆ ನಡೆದು ಹೋಗುವಷ್ಟರಲ್ಲಿ ನೆತ್ತರಿನ ಜಾಡು ಕೂಡ ಆರಿರುತ್ತದೆ. ತಪ್ಪಿತೆಂದು ತಿಳಿದು ಅವನು ಮನೆಗೆ ಮರಳುವನು. ತನ್ನ ಕೃತ್ಯದ ಫಲವನ್ನು ಕಾಣದೆ ತಿರುಗಿ ಬರುವ ಸೌಕರ್ಯವೇ ದೂರದ ಬೇಟೆಯ ನಿಜವಾದ “ಸುಧಾರಣೆ”.

ಮೃಗಕ್ಕೆ ತಗಲದೆ ಹೋದ ಗುಂಡಿನ ಗತಿಯೇನು? ಇದನ್ನು ಐನಾಪುರದ ಸೀಮೆಯವರು ವಿಶೇಷವಾಗಿ ಯೋಚಿಸಬೇಕು. ರೈಫಲ್ಲಿನ ಗುಂಡು ಎರಡು ಮೂರು ಕಿಲೋಮೀಟರುಗಳವರೆಗೆ ಹೋಗಿ ಬೀಳಬಲ್ಲದು. ಗಟ್ಟಿನೆಲಕ್ಕೆ ತಾಕಿ ಪುಟಿದರೆ ಅದು ಯಾವ ದಿಕ್ಕಿಗೆ ಹಾರುವದೆಂಬುದನ್ನು ಯಾರೂ ಹೇಳಲಾರರು. ಪರದೇಶದ ನಿರ್ಜನ ಪರ್ವತಗಳ ಮಾತು ಬೇರೆ. ಇಲ್ಲಿ ತೊಗರಿಯ ಬೆಳೆ ಆಳೆತ್ತರ ನಿಂತಿರುವಾಗ ಅದರ ಮರೆಯಲ್ಲಿ ಯಾರಿರುವರೆಂಬುದು ದುರ್ಬೀನಿಗೆ ಕಾಣುವದಿಲ್ಲ. ಕೊಯ್ಲಿನ ಕೂಲಿಯ ಹೆಂಗಸರು, ಕುರಿಯ ಹಿಂಡಿನ ಹಿಂದೆ ಹೋಗುವ ಹುಡುಗರು, ತಾಂಡಾಗಳಿಂದ ಕಟ್ಟಿಗೆಗೆಂದು ಹೊರಟವರು, ಬುತ್ತಿ ಹೊತ್ತು ಬದುವಿನ ಮೇಲೆ ನಡೆಯುವ ಮುದುಕಿಯರು, ಇವರೆಲ್ಲ ಆ ಎರಡು ಮೂರು ಕಿಲೋಮೀಟರಿನ ಒಳಗೇ ಬಾಳುವವರು. ಚಿಗರಿಯ ಬೆನ್ನ ಹಿಂದೆ ಬರಿಯ ಆಕಾಶವಲ್ಲ. ಅಲ್ಲಿ ಒಂದು ಊರು ಇದೆ.

ಇನ್ನು ಬೇಟೆಯ ಪಕ್ಷದವರು ಮುಂದಿಡುವ ಕಾರಣಗಳನ್ನು ಒಂದೊಂದಾಗಿ ನೋಡಬಹುದು.

“ಬಂದೂಕು ನಮ್ಮ ಮನೆಯ ಸೊತ್ತು, ಅದನ್ನು ಹೇಗೆ ಬೇಕಾದರೂ ಮಾಡಿಕೊಳ್ಳುವೆವು” ಎಂಬುದು ಮೊದಲನೆಯ ವಾದ. ಹೊಲ, ಮನೆ, ಒಡವೆಗಳು ಸೊತ್ತಾಗಿರುವಂತೆ ಬಂದೂಕು ಎಂದಿಗೂ ಸೊತ್ತಾಗಿಲ್ಲ. ೧೯೫೯ರ ಆಯುಧ ಕಾಯದೆಯ ಮೇರೆಗೆ ಅದು ಲಾಯಸೆನ್ಸಿನ ಬಲದಿಂದ ಮಾತ್ರ ಮನೆಯಲ್ಲಿರತಕ್ಕದ್ದು. ೨೦೧೬ರ ನಿಯಮಗಳಂತೆ ಲಾಯಸೆನ್ಸುದಾರನು ತೀರಿಕೊಂಡ ಮೇಲೆ ಅವನ ವಾರಸುದಾರನಿಗೆ, ಇಲ್ಲವೆ ಅವನಿಗೆ ೭೦ ವರ್ಷ ತುಂಬಿದಾಗ ಅಥವಾ ಅವನು ಆಯುಧವನ್ನು ೨೫ ವರ್ಷ ಇಟ್ಟುಕೊಂಡಾಗ ಅವನೇ ಹೆಸರಿಸಿದ ವಾರಸುದಾರನಿಗೆ, ಅಧಿಕಾರಿಗಳು ಹೊಸ ಲಾಯಸೆನ್ಸನ್ನು ಕೊಡಬಹುದು. ಕೊಡಬಹುದು, ಕೊಡಲೇಬೇಕೆಂದಿಲ್ಲ. ೨೦೧೯ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕಿಳಿಸಿತು. ಪಿತ್ರಾರ್ಜಿತವೆಂಬ ಕಾರಣಕ್ಕೂ ಆ ಮಿತಿಯನ್ನು ಮೀರಗೊಡಲಿಲ್ಲ. ಲಾಯಸೆನ್ಸಿಲ್ಲದ ಕಮ್ಮಾರನು ಬಂದೂಕಿನ ದುರಸ್ತಿಗೆ ಕೈ ಹಚ್ಚುವಂತಿಲ್ಲ. ಅಪ್ಪಣೆಯಿಲ್ಲದೆ ನಳಿಗೆಯನ್ನು ಮೊಟಕುಗೊಳಿಸುವದೂ, ಒಂದು ವರ್ಗದ ಆಯುಧವನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವದೂ ಅಪರಾಧವೇ. ಸೈನ್ಯದ ಅಳತೆಗೆ ನಳಿಗೆಯನ್ನು ಬದಲಿಸುವ ಚಪಲವು ನಿಷಿದ್ಧ ಆಯುಧದ ಕಲಮಿನೊಳಗೆ ಸಿಕ್ಕಿ, ಮನೆತನದ ಹೆಸರನ್ನು ನ್ಯಾಯಾಲಯದ ಕಟ್ಟೆಯನ್ನು ಹತ್ತಿಸುವದು. ಆದುದರಿಂದ ಪಿತ್ರಾರ್ಜಿತ ಬಂದೂಕೆಂಬುದು ಒಡೆತನಕ್ಕಿಂತ ಹೆಚ್ಚಾಗಿ ಒಂದು ಒಪ್ಪಿಸಿದ ಹೊಣೆ. ಒತ್ತೆಯಿಟ್ಟ ಒಡವೆಯನ್ನು ಕರಗಿಸಿ ಬೇರೆ ಮಾಡಿಸಿಕೊಳ್ಳುವವನನ್ನು ಯಾರೂ ಸುಧಾರಕನೆಂದು ಕರೆಯರು.

“ಚಿಗರಿಗಳು ಬೆಳೆಯನ್ನು ತಿಂದು ಹಾಕುತ್ತವೆ, ರೈತನ ರಕ್ಷಣೆಗಾಗಿಯೇ ನಮ್ಮ ಬಂದೂಕು” ಎಂಬುದು ಎರಡನೆಯ ವಾದ. ಇದರಲ್ಲಿ ಸತ್ಯದ ಅಂಶವಿರುವದನ್ನು ಮರೆಮಾಚುವದು ಅನ್ಯಾಯವಾದೀತು. ಎರೆಯ ಹೊಲದಲ್ಲಿ ಮೊಳೆತ ಪೈರನ್ನು ಒಂದು ಹಿಂಡು ಒಂದೇ ರಾತ್ರಿಯಲ್ಲಿ ಸವರಿ ಹೋದರೆ ಸಣ್ಣ ರೈತನ ವರ್ಷದ ಆಸೆಯೇ ಮಣ್ಣಾಗುವದು. ಆದರೆ ಕೃಷ್ಣಮೃಗವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಮನುಷ್ಯನ ಜೀವಕ್ಕೆ ಅಪಾಯಕಾರಿಯಾದಾಗ, ಇಲ್ಲವೆ ಗುಣವಾಗದಂಥ ಊನ ರೋಗಗಳಿಗೆ ತುತ್ತಾದಾಗ ಮಾತ್ರ, ಅದೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆಜ್ಞೆಯಿಂದ, ಆ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅವಕಾಶವಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಆ ಅವಕಾಶವಿಲ್ಲ. ಉಲ್ಲಂಘಿಸಿದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಸೆರೆವಾಸವಿದೆ. ರೈತನಿಗೆ ಬೇಕಾದದ್ದು ಬೇಲಿ, ಕಂದಕ, ರಾತ್ರಿಯ ಸಾಮೂಹಿಕ ಕಾವಲು, ಮತ್ತು ಸರಕಾರವು ಬೆಳೆಹಾನಿಗಾಗಿ ಕೊಡುವ ಪರಿಹಾರವು ಹೊತ್ತಿಗೆ ಸರಿಯಾಗಿ ಕೈ ಸೇರುವದು. ಅಕ್ಷರ ಬಲ್ಲ ತರುಣನೊಬ್ಬನು ಹತ್ತು ಮಂದಿ ರೈತರ ಪರಿಹಾರದ ಅರ್ಜಿಗಳನ್ನು ಬರೆದುಕೊಟ್ಟು, ಕಚೇರಿಗೆ ಎಡತಾಕಿ, ಹಣವನ್ನು ದೊರಕಿಸಿಕೊಟ್ಟರೆ ಅದು ಹತ್ತು ಚಿಗರಿ ಕೊಂದುದಕ್ಕಿಂತ ದೊಡ್ಡ ರಕ್ಷಣೆ. ಅದನ್ನು ಮಾಡದೆ ರೈತನ ಕಣ್ಣೀರನ್ನು ತನ್ನ ದುರ್ಬೀನಿನ ಗಾಜು ತೊಳೆಯಲು ಉಪಯೋಗಿಸುವದು ಪರೋಪಕಾರವಲ್ಲ. ಬೆಳೆ ಕಾಯುವವನು ಹೊಲದಲ್ಲಿ ನಿಲ್ಲುತ್ತಾನೆ; ಐದುನೂರು ಮೀಟರು ದೂರದಲ್ಲಿ ಮಲಗಿ ಕೊಂಬಿನ ಉದ್ದವನ್ನು ಅಳೆಯುವದಿಲ್ಲ.

ಐನಾಪುರವು ಸೇರಿರುವ ಚಿಂಚೋಳಿ ತಾಲೂಕಿನಲ್ಲಿಯೇ ೨೦೧೧ರಲ್ಲಿ ವನ್ಯಜೀವಿಧಾಮವೊಂದು ಘೋಷಿತವಾಯಿತು. ಚಂದ್ರಂಪಳ್ಳಿಯ ಜಲಾಶಯವನ್ನು ಒಳಗೊಂಡ ಆ ಕಾಡು, ಬಿಸಿಲುನಾಡೆಂದು ಹೆಸರಾದ ಈ ಜಿಲ್ಲೆಗೆ ಉಳಿದಿರುವ ಹಸುರಿನ ನಿಧಿ. ಕಾಯದೆಯ ಪ್ರಕಾರ ಅಭಯಾರಣ್ಯದ ಒಳಗೂ ಅದರಿಂದ ಹತ್ತು ಕಿಲೋಮೀಟರುಗಳ ಒಳಗೂ ವಾಸಿಸುವ ಪ್ರತಿಯೊಬ್ಬ ಲಾಯಸೆನ್ಸುದಾರನು ತನ್ನ ಹೆಸರನ್ನು ವನ್ಯಜೀವಿ ಪರಿಪಾಲಕರಲ್ಲಿ ನೋಂದಿಸತಕ್ಕದ್ದು. ಆ ವಲಯದಲ್ಲಿ ಹೊಸ ಲಾಯಸೆನ್ಸು ಕೊಡಲು ಅವರ ಪೂರ್ವಸಮ್ಮತಿ ಬೇಕು. ಅಪ್ಪಣೆಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯವನ್ನು ಹೊಗುವದೇ ಅಪರಾಧ. ದೂರಕ್ಕೆ ಹೊಡೆಯುವ ರೈಫಲ್ಲೆಂದರೆ ಗಡಿಯ ಹೊರಗೆ ನಿಂತು ಗಡಿಯ ಒಳಗೆ ಕೊಲ್ಲುವ ಸಾಧನ. ಕಾಯದೆಯ ಗೆರೆಯನ್ನು ಕಾಲು ದಾಟದೆ ಗುಂಡು ದಾಟಿದರೆ ತಪ್ಪಿಲ್ಲವೆಂದು ಎಣಿಸುವವನು ಕಾಯದೆಗಿಂತ ಮೊದಲು ತನ್ನನ್ನೇ ವಂಚಿಸಿಕೊಳ್ಳುವನು.

“ಮುಂದುವರಿದ ದೇಶಗಳಲ್ಲಿ ಇದೆಲ್ಲ ನಡೆಯುತ್ತದೆ” ಎಂಬುದು ಮೂರನೆಯ ವಾದ. ನಡೆಯುತ್ತದೆ, ನಿಜ. ಅಮೇರಿಕದಲ್ಲಿ ಜಿಂಕೆಗಳ ಸಂಖ್ಯೆಯನ್ನು ಎಣಿಸಿ, ಋತುವನ್ನು ಗೊತ್ತುಪಡಿಸಿ, ಪರವಾನಿಗಿ ಕೊಟ್ಟು ಬೇಟೆಯಾಡಿಸುವರು. ೧೯೩೭ರ ಒಂದು ಕಾಯದೆಯಂತೆ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪೋಷಣೆಗೇ ವೆಚ್ಚ ಮಾಡುವರು. ಅಲ್ಲಿಯ ಬೇಟೆಗೆ ಆಧಾರವಾದ ಈ ಎಣಿಕೆ, ಋತು, ತೆರಿಗೆಗಳನ್ನು ಬಿಟ್ಟು ಬರಿಯ ದುರ್ಬೀನನ್ನಷ್ಟೇ ಆಮದು ಮಾಡಿಕೊಳ್ಳುವದು ಯಾವ ಬಗೆಯ ಮುನ್ನಡೆ? ಅಲ್ಲದೆ, ಅಲ್ಲಿಯೂ ವಿಚಾರವಂತ ಬೇಟೆಗಾರರು ದೂರದ ಗುಂಡನ್ನು ಕೊಂಡಾಡುವದಿಲ್ಲ. ೧೮೮೭ರಲ್ಲಿ ಸ್ಥಾಪಿತವಾದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಬೇಟೆಗಾರರದೇ ಸಂಘ. ಮೃಗಕ್ಕೆ ಬೇಟೆಗಾರನ ಸುಳಿವನ್ನು ಹಿಡಿದು ತಪ್ಪಿಸಿಕೊಳ್ಳುವ ಅವಕಾಶವಿಲ್ಲದಷ್ಟು ದೂರದಿಂದ ಹೊಡೆಯುವದು ಬೇಟೆಯ ಧರ್ಮಕ್ಕೆ ಸಲ್ಲದೆಂದು ಆ ಸಂಘವೇ ಅಭಿಪ್ರಾಯ ಕೊಟ್ಟಿದೆ. ಮೃಗವನ್ನು ಅದರ ಜಾಡಿನಿಂದ ಅರಿತು, ಗಾಳಿಯ ದಿಕ್ಕನ್ನು ತಿಳಿದು, ಉಸಿರು ಬಿಗಿಹಿಡಿದು ಹತ್ತಿರ ಸಾಗುವದರಲ್ಲಿಯೇ ಬೇಟೆಯ ವಿದ್ಯೆಯಿತ್ತು. ಆ ವಿದ್ಯೆಯನ್ನು ಕಲಿಯಲಾರದವನ ಕೊರತೆಯನ್ನು ತುಂಬುವದಕ್ಕಾಗಿಯೇ ಈ ಸಲಕರಣೆಗಳೆಲ್ಲ.

“ನಮ್ಮ ಪೂರ್ವಿಕರೂ ಬೇಟೆಯಾಡಿದರಲ್ಲವೇ?” ಎಂಬುದು ನಾಲ್ಕನೆಯ ವಾದ. ಆಡಿದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯನ್ನು ಅರಸರ ವಿನೋದಗಳಲ್ಲೊಂದಾಗಿ ವರ್ಣಿಸಿದ್ದಾನೆ. ಆದರೆ ಪೂರ್ವಿಕರ ವಿನೋದದ ಬಾಕಿಯನ್ನು ಸಂತಾನವು ತೆರಬೇಕಾಯಿತೆಂಬುದನ್ನೂ ಮರೆಯಬಾರದು. ಚಿಗರಿಯನ್ನು ಬೆನ್ನಟ್ಟಲು ಅರಸರು ಸಾಕುತ್ತಿದ್ದ ಸಿವಂಗಿಯು ಈ ದೇಶದಲ್ಲಿ ಒಂದು ಕಾಲಕ್ಕೆ ಧಾರಾಳವಾಗಿತ್ತು. ೧೯೪೭ರಲ್ಲಿ ಮಧ್ಯಭಾರತದ ಕೋರಿಯಾ ಸಂಸ್ಥಾನದಲ್ಲಿ ಗುಂಡಿಗೆ ಬಲಿಯಾದ ಮೂರು ಸಿವಂಗಿಗಳೇ ಕೊನೆಯವೆಂದು ಸಾಮಾನ್ಯವಾಗಿ ಎಣಿಸುವರು. ೧೯೫೨ರಲ್ಲಿ ಆ ಪ್ರಾಣಿಯು ಭಾರತದಲ್ಲಿ ನಿರ್ವಂಶವಾಯಿತೆಂದು ಸಾರಲಾಯಿತು. ಎಪ್ಪತ್ತು ವರ್ಷಗಳ ಮೇಲೆ, ೨೦೨೨ರಲ್ಲಿ, ಆಫ್ರಿಕದ ನಮೀಬಿಯಾದಿಂದ ಅವನ್ನು ವಿಮಾನದಲ್ಲಿ ತರಬೇಕಾಯಿತು. ಸಿವಂಗಿಯು ಹೋಯಿತು, ಅದರ ಆಹಾರವಾದ ಚಿಗರಿಯು ಉಳಿಯಿತು; ಉಳಿದುದನ್ನೂ ಕಳೆಯುವದು ಪೂರ್ವಿಕರ ಅನುಕರಣವೆನಿಸಿದರೆ, ಅದು ಅವರ ತಪ್ಪಿನ ಅನುಕರಣವಷ್ಟೆ.

ಈ ಸೀಮೆಗೆ ಇನ್ನೊಂದು ಪಿತ್ರಾರ್ಜಿತವೂ ಉಂಟು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದಲ್ಲಿ ಅಲ್ಲಿದ್ದು ಪುಷ್ಪದಂತ ಕವಿಯು ಅಪಭ್ರಂಶ ಭಾಷೆಯಲ್ಲಿ ಯಶೋಧರನ ಕಥೆಯನ್ನು ಕಟ್ಟಿದನು. ಅದೇ ಕಥೆಯನ್ನು ೧೨೦೯ರಲ್ಲಿ ಜನ್ನನು ಕನ್ನಡಿಗರಿಗೆ ಹೇಳಿದನು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಅರಸನಿಗೆ ಆ ಸಂಕಲ್ಪಮಾತ್ರದಿಂದಲೇ ಪಾಪವಂಟಿ, ಅವನು ಹಲವು ಮೃಗಜನ್ಮಗಳಲ್ಲಿ ತೊಳಲಿದುದೇ ಆ ಕಥೆಯ ಸಾರ. ಇಂದಿನ ಕಾಯದೆಯೂ ಇದಕ್ಕೆ ದೂರವಾಗಿಲ್ಲ: ಕೊಲ್ಲುವ ಪ್ರಯತ್ನವನ್ನೂ ಅದು ಬೇಟೆಯೆಂದೇ ಎಣಿಸುತ್ತದೆ. ಬಂದೂಕು ಮಾತ್ರ ಅಜ್ಜನಿಂದ ಬಂದುದೆಂದೂ, ಕನಿಕರವು ಯಾರೋ ಪರಕೀಯರು ಹೇರಿದುದೆಂದೂ ತಿಳಿಯುವವನು ತನ್ನ ನೆಲದ ಆಸ್ತಿಪತ್ರವನ್ನೇ ಓದಿಲ್ಲ.

ಹಾಗಾದರೆ ಅಜ್ಜನ ರೈಫಲ್ಲನ್ನು ತುಕ್ಕು ಹಿಡಿಯಲು ಬಿಡಬೇಕೇ? ಹಾಗೆಂದು ಯಾರೂ ಹೇಳುವದಿಲ್ಲ. ಕೊಡಗಿನವರನ್ನು ನೋಡಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲಾಯಸೆನ್ಸಿನಿಂದ ವಿನಾಯತಿಯುಂಟು. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಆದರೆ ಆ ವಿನಾಯತಿಯು ಬೇಟೆಗೆ ಅನ್ವಯಿಸುವದಿಲ್ಲ. ವನ್ಯಜೀವಿಗಳ ಕಾಯದೆಯು ಅಲ್ಲಿಯೂ ಒಂದೇ. ಕೈಲ್‌ಪೊಳ್ದಿನ ಹಬ್ಬದಲ್ಲಿ ಅವರು ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನಾಡುವರು. ಕೈಯ ಸ್ಥೈರ್ಯ, ಕಣ್ಣಿನ ಚುರುಕು, ಮನೆತನದ ಅಭಿಮಾನ, ನೆರೆಹೊರೆಯವರ ಚಪ್ಪಾಳೆ, ಎಲ್ಲವೂ ಅಲ್ಲಿ ಸಲ್ಲುತ್ತವೆ. ತೆಂಗಿನಕಾಯಿ ಮಾತ್ರ ನರಳುವದಿಲ್ಲ. ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ೫೦ ಮೀಟರು ದೂರದ ಗುರಿಗೆ ಹೊಡೆದು ಕಂಚಿನ ಪದಕವನ್ನು ತಂದರು. ಐದುನೂರು ಮೀಟರಿನ ಹಂಬಲವುಳ್ಳ ತರುಣರು ಮೊದಲು ಆ ಐವತ್ತನ್ನು ಸಾಧಿಸಿ ತೋರಿಸಲಿ.

ಜಿಮ್ ಕಾರ್ಬೆಟ್ಟನ ದೃಷ್ಟಾಂತವೂ ಮನನೀಯವಾದುದು. ಚಂಪಾವತಿನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ೧೯೦೭ರಲ್ಲಿ ಅವನಿಗೆ .೨೭೫ ಅಳತೆಯ, ಬೋಲ್ಟಿನ ರಿಗ್ಬಿ ರೈಫಲ್ಲೊಂದು ಬಹುಮಾನವಾಗಿ ಬಂದಿತು; ಆ ಸಂಗತಿಯನ್ನು ಕೆತ್ತಿದ ಬೆಳ್ಳಿಯ ತಗಡು ಅದರ ಹಿಡಿಯಲ್ಲಿದೆ. ಆ ರೈಫಲ್ಲು ಇಂದಿಗೂ ರಕ್ಷಿತವಾಗಿದೆ. ಅದರ ಬೆಲೆಯು ಬೆಳ್ಳಿಯಲ್ಲಿಯೂ ಇಲ್ಲ, ಉಕ್ಕಿನಲ್ಲಿಯೂ ಇಲ್ಲ. ಅವನ ಕೈ ಸವೆಸಿದ ಆ ಸವೆತದಲ್ಲಿದೆ. ಯಾರಾದರೂ ಹಿಡಿಯನ್ನು ಕೆತ್ತಿ, ತಗಡನ್ನು ಕಿತ್ತು, ಹೊಸ ನಳಿಗೆಯನ್ನು ತಿರುಗಿಸಿ “ಸುಧಾರಿಸಿದ್ದರೆ” ಅದು ಸಾವಿರ ರೈಫಲ್ಲುಗಳಲ್ಲಿ ಇನ್ನೊಂದಾಗುತ್ತಿತ್ತು. ಆ ಬೇಟೆಗಾರನು ತಾನೇ ಮುಂದೆ ಮೃಗಗಳ ಚಿತ್ರ ತೆಗೆಯುವದರಲ್ಲಿ ಹೆಚ್ಚಿನ ಸುಖವನ್ನು ಕಂಡನು. ದುರ್ಬೀನಿನ ಮೇಲೆ ಹಣ ಸುರಿಯಬೇಕೆನ್ನುವವರಿಗೆ ಇದೂ ಒಂದು ದಾರಿಯೇ.

ಮನೆಯ ಬಂದೂಕನ್ನು ಲಾಯಸೆನ್ಸುಳ್ಳ ಕುಶಲಿಯಿಂದ ಶುದ್ಧಗೊಳಿಸಲಿ. ಒಡೆದ ಹಿಡಿಯನ್ನು ಅದೇ ಜಾತಿಯ ಕಟ್ಟಿಗೆಯಿಂದ ಬೆಸೆಯಲಿ. ಅದು ಯಾರಿಂದ, ಯಾವ ವರ್ಷ, ಯಾವ ಕಾರಣಕ್ಕೆ ಮನೆಗೆ ಬಂದಿತೆಂಬುದನ್ನು ಹಿರಿಯರಿರುವಾಗಲೇ ಕೇಳಿ ಬರೆದಿಡಲಿ. ಇಟ್ಟುಕೊಳ್ಳುವ ಮನಸ್ಸಿಲ್ಲದವರು ಕಾಯದೆಯಂತೆ ಒಪ್ಪಿಸಿಬಿಡಲಿ. ಹೀಗೆ ಮಾಡಿದವನೇ ನಿಜವಾದ ವಾರಸುದಾರನು.

ಮುಂದಿನ ಆಯುಧಪೂಜೆಗೆ ಆ ಬಂದೂಕು ತಿರುಗಿ ಹೊರಬರುವದು. ಆಗ ಮನೆಯ ಮಗುವೊಂದು ಅದರ ಮೈಮೇಲಿನ ಗೀರನ್ನು ಮುಟ್ಟಿ “ಇದೇನು?” ಎಂದು ಕೇಳದಿರದು. ಅಜ್ಜನ ಕಾಲದ ಗುರುತೆಂದು ತಲೆಯೆತ್ತಿ ಹೇಳುವ ತಂದೆಯೂ, ಚಿಗರಿಯ ಹೊಟ್ಟೆಗೆ ಗುಂಡಿಟ್ಟು ಕಾಣದಂತೆ ಬಂದ ಕಥೆಯನ್ನು ನುಂಗಿಕೊಂಡು ಸುಮ್ಮನಿರುವ ತಂದೆಯೂ ಒಂದೇ ಅಲ್ಲ. ಇಬ್ಬರಲ್ಲಿ ಯಾರಾಗತಕ್ಕದ್ದೆಂಬುದನ್ನು ದುರ್ಬೀನು ಬಿಗಿಯುವ ಮೊದಲೇ ಗೊತ್ತುಮಾಡಿಕೊಳ್ಳುವದು ವಿಹಿತ. ಹಾರಿದ ಗುಂಡಿಗೆ ಹಿಂದಿರುಗುವ ದಾರಿಯಿಲ್ಲ.